ಕಾಂಗೋ ಹಾಡಿನಲ್ಲಿ ನಮ್ಮಣ್ಣ

1997ರಲ್ಲಿ ಗಂಗಾವತಿ ಬಸ್‌ಸ್ಟ್ಯಾಂಡಿನ ಹತ್ತಿರ ನನಗೂ ನಮ್ಮಣ್ಣನಿಗೂ ಒಂದು ಕ್ಯಾಸೆಟ್ ಅಂಗಡಿ ಇತ್ತು. ಹುಲಿಗಿಯ ಅಮ್ಮನ ಗುಡಿಗೆ ಹೋಗಿಬರುವ ಹೆಣ್ಣುಮಕ್ಕಳು ಟೇಪ್ ರೆಕಾರ್ಡರ್ ಮುಂದೆ ಕೂತು ಅಮ್ಮನ ಪದ ಹಾಡಿ, ತಮ್ಮ ದನಿಯನ್ನು ತಾವೇ ಕೊಂಡೊಯ್ಯುತ್ತಿದ್ದರು. ಹಾಡು ತುಂಬಲು ಪ್ಲೇ ಗುಂಡಿ, ಕೆಂಪು ಗುಂಡಿ ಎರಡನ್ನೂ ಕೂಡಿಸಿ ಒತ್ತಬೇಕು. ಒತ್ತಿ ಒತ್ತಿ ನನ್ನ ಬೆರಳಿಗೆ ಅದೇ ರೂಢಿಯಾಗಿತ್ತು.

ಒಂದು ಮಧ್ಯಾಹ್ನ, ಆನೆಗೊಂದಿಯಲ್ಲಿ ಉಳಿದುಕೊಂಡಿದ್ದ ಯುರೋಪಿನ ಹೆಂಗಸೊಬ್ಬಳು ರೀಲು ಸಿಕ್ಕುಬಿದ್ದ ಕ್ಯಾಸೆಟ್ ಹಿಡಿದು ಅಳುಮೋರೆ ಮಾಡಿಕೊಂಡು ಬಂದಳು. ನನ್ನ ಹರಕುಮುರುಕು ಇಂಗ್ಲಿಷಿಗೆ ತಿಳಿದದ್ದು ಇಷ್ಟು. ಆಕೆ ತನ್ನ ದೇಶದ ರೇಡಿಯೋದಲ್ಲಿ ಆಫ್ರಿಕಾದ ಹಾಡು ಹಾಕುವವಳು. ಅಲ್ಲಿಯ ಕಂಪನಿಗಳು ಅರ್ಧ ತಾಸಿನ ಹಾಡನ್ನು ಐದು ನಿಮಿಷಕ್ಕೆ ಇಳಿಸಿ, ತೊಳೆದು ಬಳಿದು ಡಿಸ್ಕ್ ಮಾಡುತ್ತವಂತೆ. ಈಕೆ ಮಾತ್ರ ಸಂತೆಯ ಕ್ಯಾಸೆಟ್ಟನ್ನೇ ಇದ್ದ ಹಾಗೆ ಕೇಳಿಸುತ್ತಾಳೆ. ಇದು ಗೆಳತಿಯೊಬ್ಬಳು ಕಾಂಗೋದಿಂದ ತಂದುಕೊಟ್ಟದ್ದು. ಹಾಡುಗಾರ ತೀರಿಹೋಗಿದ್ದಾನೆ, ಇನ್ನೊಂದು ಪ್ರತಿ ಸಿಗುವುದಿಲ್ಲ. ಕೇಳುವ ಮೊದಲೇ ಆಕೆಯ ವಾಕ್‌ಮನ್ ಅದನ್ನು ನುಂಗಿತ್ತು. ಕಾಂಗೋದ ಹಾಡು ಯುರೋಪಿಗೆ ಹೋಗಲು ಗಂಗಾವತಿಗೆ ಯಾಕೆ ಬರಬೇಕೋ ನನಗೆ ತಿಳಿಯಲಿಲ್ಲ.

ಸ್ಕ್ರೂ ಬಿಚ್ಚಿ, ರೀಲು ನೇರ ಮಾಡಿ ಸುತ್ತಿದೆ. ಆಕೆ ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದಳು. ಸರಿಯಾಯಿತೋ ನೋಡೋಣವೆಂದು ಕ್ಯಾಸೆಟ್ ಹಾಕಿದೆ. ಸದ್ದೇ ಇಲ್ಲ. ವಾಲ್ಯೂಮ್ ಏರಿಸಿದೆ, ಆದರೂ ಇಲ್ಲ.

"ಏ ಮಬ್ಬ! ಕೆಂಪು ಗುಂಡಿ ಒತ್ತೀಯಲ್ಲಲೇ! ತಗಿ, ತಗಿ!" ಅಂತ ಅಣ್ಣ ಚೀರಿದ.

ಹಿಂದಕ್ಕೆ ಸುತ್ತಿ ಕೇಳಿದೆವು. ಗಿಟಾರು ಹಗುರಾಗಿ ಹರಿಯುತ್ತಿದೆ, ಹಾಡುಗಾರ ಆಗಷ್ಟೇ ದನಿ ಎತ್ತಿದ್ದಾನೆ, ಅಷ್ಟರಲ್ಲಿ ಬಸ್ಸಿನ ಹಾರ್ನು, ನಮ್ಮಣ್ಣನ ಬೈಗುಳ, ಆಮೇಲೆ ಮತ್ತೆ ಗಿಟಾರು.

"ಹೇಳಿಬಿಡೋಣು ಅಣ್ಣಾ."

"ಏನಂತ ಹೇಳ್ತೀ? ಸತ್ತವನ ಹಾಡು ಅಳಿಸೇವ್ರಿ ಅಂತನ? ಸುಮ್ನ ಕುಂದ್ರು. ಅಲ್ಲಿ ಕನ್ನಡ ಯಾರಿಗೆ ಬರ್ತೈತಿ?"

ಆಕೆ ಬಂದು ಕ್ಯಾಸೆಟ್ಟನ್ನು ಎದೆಗೊತ್ತಿಕೊಂಡಳು. ನಮ್ಮ ವಿಳಾಸ ಬರೆದುಕೊಂಡಳು. ನಾನು ಚಪ್ಪಲಿ ನೋಡುತ್ತ ನಿಂತಿದ್ದೆ.

ಮರುವರ್ಷ ಒಂದು ಪಾರ್ಸೆಲ್ ಬಂತು. ಒಳಗೆ ಆಕೆಯ ಕಾರ್ಯಕ್ರಮದ ಕ್ಯಾಸೆಟ್. ಹಾಡು, ಅಣ್ಣನ ಚೀರಾಟ, ಅದರ ಹಿಂದೆ ತನ್ನ ಭಾಷೆಯಲ್ಲಿ ಖುಷಿಯಿಂದ ಏನೋ ಹೇಳುವ ಆಕೆಯ ದನಿ. ಪ್ರವಾಸಿಗರ ಜೊತೆ ಓಡಾಡಿ ಆ ಭಾಷೆ ಕಲಿತಿದ್ದ ಆನೆಗೊಂದಿಯವನೊಬ್ಬ ಬಿಡಿಸಿ ಹೇಳಿದ: "ಕೇಳಿದ್ರೇನು, ಕಾಂಗೋದ ಸಂತಿ ಗದ್ದಲ, ವ್ಯಾಪಾರಿ ಕೂಗಿ ಗಿರಾಕಿ ಕರ್ಯಾಕತ್ತಾನ, ಕಂಪನ್ಯಾವ್ರು ಇದನ್ನ ಕತ್ತರಿಸ್ತಿದ್ರು, ನಾ ಮುಟ್ಟಿಲ್ಲ ಅಂತಾಳ್ರಿ."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಬಂದ ಗಿರಾಕಿಗಳಿಗೆಲ್ಲ ತಾನು ಕಾಂಗೋ ವ್ಯಾಪಾರಿ ಎಂದು ಹೇಳಿಕೊಂಡ. ನಾನೂ ನಕ್ಕೆ. ನಗಬೇಕೋ ನಾಚಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅಣ್ಣ ತೀರಿಹೋಗಿ ಬಹಳ ವರ್ಷವಾಯಿತು. ಊರವರ ದನಿಯನ್ನೆಲ್ಲ ತುಂಬಿಕೊಟ್ಟ ನಾವು ಅವನ ದನಿ ಒಮ್ಮೆಯೂ ತುಂಬಿರಲಿಲ್ಲ. ಆ ಪಾರ್ಸೆಲ್ಲಿನ ಕ್ಯಾಸೆಟ್ಟೂ ಬೂಷ್ಟು ಹಿಡಿದು ಹಾಳಾಯಿತು. ಆದರೆ ಅದರ ರಟ್ಟಿನ ಮೇಲೆ ಕಾರ್ಯಕ್ರಮದ ಹೆಸರಿತ್ತು. ಅಣ್ಣನ ಮಗಳು ಅದನ್ನು ನೋಡಿ ಮೊಬೈಲಿನಲ್ಲಿ ಹುಡುಕಿದಳು. ಆ ಹಳೆಯ ಕಾರ್ಯಕ್ರಮ ಅಣ್ಣನ ಚೀರಾಟದ ಸಮೇತ ಸಿಕ್ಕೇಬಿಟ್ಟಿತು! ಈಗ ವೈನಿ, ಅಣ್ಣನ ಹೆಂಡತಿ, ದಿನಾ ಅಡುಗೆ ಮುಗಿಸಿ ಮೊಬೈಲು ಕಿವಿಗೆ ಹಿಡಿದು ಕೂರುತ್ತಾಳೆ. "ಇನ್ನೊಮ್ಮೆ ಹಚ್ಚವಾ," ಅನ್ನುತ್ತಾಳೆ.

ಅಲ್ಲೇ ಆ ಯುರೋಪಿನ ಹೆಂಗಸಿಗೆ ಬರೆಯಲು ವಿಳಾಸವೂ ಇದೆ. ನಾಲ್ಕು ಸಲ ಬರೆಯಲು ಕೂತೆ. ಆಕೆ ನಿಯತ್ತಿನ ಹೆಂಗಸು, ನಿಜ ತಿಳಿದರೆ ಅಣ್ಣನನ್ನು ಅಲ್ಲಿಂದ ತೆಗೆದುಬಿಡುತ್ತಾಳೆ. ವೈನಿಯ ಮುಖ ನೋಡಿ ಪೆನ್ನು ಕೆಳಗಿಡುತ್ತೇನೆ. ಇಟ್ಟ ಕೂಡಲೇ ಕಾಂಗೋದಲ್ಲಿ ಇನ್ನೊಬ್ಬ ಹೆಂಗಸು, ಆ ಹಾಡುಗಾರನ ಹೆಂಡತಿ, ಕಣ್ಣಿಗೆ ಬರುತ್ತಾಳೆ. ಆಕೆಯೂ ಮೊಬೈಲು ಕಿವಿಗೆ ಹಿಡಿದು, ಗಂಡ ದನಿ ಎತ್ತುವುದನ್ನೇ ಕಾಯುತ್ತಿದ್ದಾಳೆ. ಆ ಜಾಗ ಬರುತ್ತದೆ, ನಮ್ಮಣ್ಣ ಚೀರುತ್ತಾನೆ: "ತಗಿ, ತಗಿ!"