ಕ್ಯಾಸೆಟ್ಟಿನಲ್ಲಿ ಇಲ್ಲದ ಕೊನೆ

ಪ್ಯಾಸ್ಕಲ್‌ನ ಬ್ಯಾಂಡನ್ನು ಮದುವೆಗೆ ಕರೆದರೆ ಅನ್ನ ಆರಿಹೋಗುತ್ತದೆ ಎಂದು ನೈರೋಬಿಯ ಮಂಗಳೂರು ಕ್ರೈಸ್ತರು ತಮಾಷೆ ಮಾಡುತ್ತಿದ್ದರು. ಈ ತಮಾಷೆಯನ್ನು ಹುಟ್ಟುಹಾಕಿದವಳು ಬೇರೆ ಯಾರೂ ಅಲ್ಲ, ಅವನ ಹೆಂಡತಿ ಮಾರ್ಥಾ. ಅವಳನ್ನು ದೂರುವಂತೆಯೂ ಇರಲಿಲ್ಲ. ಬ್ರಿಟಿಷ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ಒಂದು ಹಾಡು ರೆಕಾರ್ಡಿನಲ್ಲಿ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಅದನ್ನೇ ಪ್ಯಾಸ್ಕಲ್ ನುಡಿಸಿದರೆ ಜನ ಚಹಾ ಕುಡಿದು, ಲೋಟ ತೊಳೆದಿಟ್ಟು, ಮನೆಗೆ ಹೋಗಿ ಗೇಟು ಹಾಕಿಕೊಂಡರೂ ಗಿಟಾರು ಇನ್ನೂ ಎಲ್ಲೋ ದಾರಿಯ ನಡುವೆ ಇರುತ್ತಿತ್ತು.

ಇದರ ಮೂಲ ಒಂದು ತಪ್ಪು ತಿಳುವಳಿಕೆಯಲ್ಲಿತ್ತು. ಪ್ಯಾಸ್ಕಲ್‌ನ ಅಣ್ಣ ಆಂಡ್ರ್ಯೂ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಎಪ್ಪತ್ತರ ದಶಕದಲ್ಲಿ ಹಡಗು ಲಂಡನ್ನಿನಲ್ಲಿ ನಿಂತಾಗ ಅವನು ಆ ಬ್ಯಾಂಡಿನ ಕಾರ್ಯಕ್ರಮಕ್ಕೆ ಹೋಗಿ, ಕೋಟಿನೊಳಗೆ ಪುಟ್ಟ ರೆಕಾರ್ಡರನ್ನು ಅಡಗಿಸಿಕೊಂಡು, ಒಂದು ಕ್ಯಾಸೆಟ್ ತುಂಬಿಸಿಕೊಂಡು ಬಂದ. ಮಂಗಳೂರಿನ ಬೆಜೈನ ಮನೆಯಲ್ಲಿ ಪ್ಯಾಸ್ಕಲ್ ಗಿಟಾರು ಕಲಿತದ್ದು ಆ ಕ್ಯಾಸೆಟ್ಟಿನಿಂದ. ಬ್ರಿಟಿಷರ ಆ ಬ್ಯಾಂಡುಗಳು ವೇದಿಕೆಯಲ್ಲಿ ಹಾಡನ್ನು ಹಿಗ್ಗಿಸುತ್ತವೆ, ಒಂದು ರಾತ್ರಿ ನುಡಿಸಿದಂತೆ ಮತ್ತೊಂದು ರಾತ್ರಿ ನುಡಿಸುವುದಿಲ್ಲ, ಅವುಗಳ ಹೆಸರು ನಿಂತಿರುವುದೇ ಅದರ ಮೇಲೆ ಎಂದು ಹುಡುಗನಿಗೆ ಯಾರೂ ಹೇಳಲಿಲ್ಲ. ಹಾಡೆಂದರೆ ಇಷ್ಟುದ್ದವೇ ಇರುತ್ತದೆ ಎಂದು ಅವನು ನಂಬಿದ. ವರ್ಷಗಳ ನಂತರ ನೈರೋಬಿಯ ಗೆಳೆಯರೊಬ್ಬರ ಮನೆಯಲ್ಲಿ ಅದೇ ಹಾಡಿನ ರೆಕಾರ್ಡ್ ಕೇಳಿದಾಗ, ಕಂಪನಿಯವರು ಮುಕ್ಕಾಲು ಪಾಲು ಕತ್ತರಿಸಿ ಮಾರಿದ್ದಾರೆಂದು ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಕ್ಯಾಸೆಟ್ಟಿನಲ್ಲಿ ಇನ್ನೊಂದು ಕೊರತೆಯಿತ್ತು. ಗಿಟಾರು ಮತ್ತು ಆರ್ಗನ್ ಒಂದನ್ನೊಂದು ಅಟ್ಟಿಸಿಕೊಂಡು ಮೇಲೇರುತ್ತಾ, ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಟೇಪು ಮುಗಿದುಹೋಗುತ್ತಿತ್ತು. ಕೊನೆ ಹೇಗಿತ್ತು ಎಂದು ಪ್ಯಾಸ್ಕಲ್ ಅಣ್ಣನನ್ನು ಎಷ್ಟೋ ಸಲ ಕೇಳಿದ್ದ.

"ಹೇಗಿತ್ತು ಅಂತ ಹೇಳಲಿ ಮಾರಾಯ?" ಆಂಡ್ರ್ಯೂ ಅನ್ನುತ್ತಿದ್ದ. "ಮುಗಿದಾಗ ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ದೊಡ್ಡ ಹಾಲ್, ಒಂದು ಕ್ಷಣ ಪೂಜೆ ಮುಗಿದ ಖಾಲಿ ಇಗರ್ಜಿಯ ಹಾಗೆ. ಆಮೇಲೆ ಚಪ್ಪಾಳೆಗೆ ಚಾವಣಿ ಹಾರಿತು."

ಅದಕ್ಕಿಂತ ಹೆಚ್ಚು ಅವನಿಗೆ ನೆನಪಿರಲಿಲ್ಲ. ಆಂಡ್ರ್ಯೂ ತೀರಿಕೊಂಡ ಮೇಲೆ ಆ ರಾತ್ರಿಯ ಕೊನೆಯನ್ನು ಬಲ್ಲವರು ಪ್ಯಾಸ್ಕಲ್‌ನ ಪಾಲಿಗೆ ಯಾರೂ ಉಳಿಯಲಿಲ್ಲ.

ನೈರೋಬಿಗೆ ಬಂದ ಪ್ಯಾಸ್ಕಲ್ ಇಂಡಸ್ಟ್ರಿಯಲ್ ಏರಿಯಾದ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಮ್ಯಾನೇಜರನಾದ. ಕಿಲೆಲೆಶ್ವಾದ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದ. ಭಾನುವಾರ ಪೂಜೆ ಮುಗಿದ ಮೇಲೆ ಕಾರ್ಖಾನೆಯ ಗೋದಾಮೇ ಬ್ಯಾಂಡಿನ ತಾಲೀಮಿನ ಮನೆ. ಡ್ರಮ್ಸ್ ಜೋಸೆಫ್‌ನದು, ಅವನು ಕುಂದಾಪುರದ ಕಡೆಯವನು, ಬಿಸ್ಕತ್ತು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬೇಸ್ ಗಿಟಾರು ಶ್ರೀನಿವಾಸಮೂರ್ತಿಯವರದು. ಮೈಸೂರಿನವರು, ಔಷಧ ಕಂಪನಿಯಲ್ಲಿ ಅಧಿಕಾರಿ, ಚಿಕ್ಕಂದಿನಲ್ಲಿ ವೀಣೆ ಕಲಿತವರು. ಕೀಬೋರ್ಡಿಗೆ ಪ್ಯಾಸ್ಕಲ್‌ನ ಮಗ ಪ್ರಿಯನ್. ಬ್ಯಾಂಕಿನಲ್ಲಿ ಕೆಲಸ, ಅಪ್ಪ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ಮೂರ್ತಿಯವರಿಗೆ ಕೊಂಕಣಿ ಬಾರದ ಕಾರಣ ಬ್ಯಾಂಡಿನ ಭಾಷೆ ಕನ್ನಡವಾಯಿತು. ಅವರು ಬೇಸಿನ ದಪ್ಪ ತಂತಿ ಮೀಟಿದರೆ ಗೋದಾಮಿನಲ್ಲಿ ಪೇರಿಸಿಟ್ಟ ಬಕೆಟ್ಟು ಬೇಸಿನ್ನುಗಳೆಲ್ಲ ಜೇನುಗೂಡಿನಂತೆ ಗುಂಯ್‌ಗುಡುತ್ತಿದ್ದವು. ಗೇಟಿನ ಕಾವಲುಗಾರ ಮೊದಮೊದಲು ಯಾವುದೋ ಯಂತ್ರ ಕೆಟ್ಟಿತೆಂದು ಓಡಿಬರುತ್ತಿದ್ದ. ಆಮೇಲಾಮೇಲೆ "ಸವಾ", ಸರಿ ಸರಿ, ಎಂದು ದೂರದಿಂದಲೇ ಕೈ ಎತ್ತಿ ಸುಮ್ಮನಾಗುತ್ತಿದ್ದ.

ಕ್ಯಾಸೆಟ್ ನಿಲ್ಲುವ ಜಾಗದಿಂದ ಮುಂದಕ್ಕೆ ದಾರಿ ಮಾಡಿದ್ದು ಈ ನಾಲ್ವರೇ. ಪ್ರಿಯನ್ ಅದೇ ಬ್ರಿಟಿಷ್ ಬ್ಯಾಂಡಿನ ಬೇರೆ ಊರುಗಳ ಕಾರ್ಯಕ್ರಮಗಳ ಸಿಡಿ ತಂದುಕೊಡುತ್ತೇನೆಂದಾಗ ಪ್ಯಾಸ್ಕಲ್ ಬೇಡವೆಂದ. ಅವು ಬೇರೆ ರಾತ್ರಿಗಳ ಕೊನೆಗಳು. ಆಂಡ್ರ್ಯೂ ಕೇಳಿದ ಕೊನೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ವರ್ಷಗಟ್ಟಲೆ ಕೂಡಿಸಿ, ಅಳಿಸಿ, ಮತ್ತೆ ಕೂಡಿಸಿ ಒಂದು ಭಾನುವಾರ ಅವರು ತುದಿ ಮುಟ್ಟಿದರು. ಬಕೆಟ್ಟುಗಳ ಗುಂಯ್‌ಗಾಟ ನಿಧಾನವಾಗಿ ಅಡಗಿತು. ಮೂರ್ತಿಯವರೇ ಮೊದಲು ಕನ್ನಡಕ ಒರೆಸಿಕೊಂಡು, "ಪ್ಯಾಸ್ಕಲ್, ಇದನ್ನ ಜನರ ಮುಂದೆ ನುಡಿಸಬೇಕು ಕಣ್ರೀ," ಎಂದರು.

ಅದೇ ಆಗಲಿಲ್ಲ. ಅಡ್ಡ ನಿಂತವನು ವಿನ್ಸೆಂಟ್. ಅವನದು ಹಾರ್ಡ್‌ವೇರ್ ವ್ಯಾಪಾರ. ಆದರೆ ಊರವರ ಮದುವೆ, ಹಬ್ಬ, ವಾರ್ಷಿಕೋತ್ಸವಗಳಲ್ಲಿ ಮೈಕು ಹಿಡಿದು ಕಾರ್ಯಕ್ರಮ ನಡೆಸುವವನು ಅವನೇ. ಊಟದ ಹೊತ್ತು ಮೀರಿದರೆ ಬೈಗುಳ ತಿನ್ನುವವನೂ ಅವನೇ. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ವಿನ್ಸೆಂಟ್ ವೇದಿಕೆಯ ಬದಿಯಿಂದ ನಗುತ್ತಾ ಬರುತ್ತಿದ್ದ, ಬೆರಳಿನಿಂದ ಮೈಕಿನ ತಲೆಗೆ ಟಕ್ ಟಕ್ ಎಂದು ಬಡಿಯುತ್ತಿದ್ದ, "ನಮ್ಮ ಬ್ಯಾಂಡಿಗೆ ಒಂದು ದೊಡ್ಡ ಚಪ್ಪಾಳೆ" ಎನ್ನುತ್ತಿದ್ದ. ಆ ಟಕ್ ಟಕ್ ಸದ್ದಿಗೆ ಪ್ಯಾಸ್ಕಲ್‌ನ ಬೆರಳುಗಳು ತಾವಾಗಿಯೇ ನಿಲ್ಲುತ್ತಿದ್ದವು. ಎಷ್ಟು ಮದುವೆ, ಎಷ್ಟು ಹಬ್ಬ. ಒಮ್ಮೆಯೂ ಅವರು ಜನರೆದುರು ಕೊನೆ ಮುಟ್ಟಲಿಲ್ಲ.

ಒಂದು ವರ್ಷ ಜೋಸೆಫ್‌ನ ಕೆಲಸದ ಪರ್ಮಿಟ್ ಮುಗಿಯಿತು. ಅದು ಮುಂದುವರಿಯುವುದಿಲ್ಲ ಎಂದು ಖಚಿತವಾದಾಗ ಅವನು ವಿಮಾನದ ಟಿಕೆಟ್ ತೆಗೆದ. ಅವನಿಲ್ಲದೆ ಆ ಹಾಡಿಲ್ಲ. ಹೊರಡುವ ಮೊದಲು ಉಳಿದಿದ್ದ ಕಾರ್ಯಕ್ರಮ ಒಂದೇ, ವಿನ್ಸೆಂಟ್‌ನ ಮಗಳು ಕ್ಲೇರ್‌ಳ ಮದುವೆ. ಅದಕ್ಕೂ ಡಿಜೆಯನ್ನು ಗೊತ್ತು ಮಾಡಿಯಾಗಿತ್ತು. ಜನ ಬಂದು ಕೂರುವ ತನಕ ಮಾತ್ರ ನೀವು ಏನಾದರೂ ಮೆತ್ತಗೆ ನುಡಿಸಿ ಎಂದು ವಿನ್ಸೆಂಟ್ ಸಂಕೋಚದಿಂದ ಕೇಳಿಕೊಂಡ. ಪ್ಯಾಸ್ಕಲ್ ಒಪ್ಪಿದ. ಆ ರಾತ್ರಿ ಊಟಕ್ಕೆ ಕೂತಾಗ ಮಾರ್ಥಾ ಮೀನಿನ ಸಾರು ಬಡಿಸುತ್ತಾ, "ಜನ ಬೇಗ ಕೂತುಬಿಟ್ಟರೆ?" ಎಂದಳು. ಅವನು ಮೀನಿನ ಮುಳ್ಳು ಬಿಡಿಸತೊಡಗಿದ. ಅವಳು ಆಮೇಲೆ ತಮಾಷೆ ಮಾಡಲಿಲ್ಲ.

ಮದುವೆಯ ದಿನ ಮಧ್ಯಾಹ್ನ ಮಳೆ ಸುರಿಯಿತು. ಇಗರ್ಜಿಯ ವಿಧಿ ಮುಗಿಸಿ ಗಂಡುಹೆಣ್ಣು ಅರ್ಬೊರೇಟಮ್‌ ಉದ್ಯಾನದ ಮರಗಳ ಕೆಳಗೆ ಫೋಟೊ ತೆಗೆಸಿಕೊಳ್ಳಲು ಹೋದರು. ಅತಿಥಿಗಳು ಪಾರ್ಕ್‌ಲ್ಯಾಂಡ್ಸ್‌ನ ಹಾಲಿಗೆ ಬಂದು ಕೂತರು. ಬ್ಯಾಂಡು ಮೆತ್ತಗಿನ ಹಾಡುಗಳನ್ನು ಮುಗಿಸಿತು. ಆಮೇಲೆ ಯಾರೂ ಬರಲಿಲ್ಲ. ಯಾರೋ ದೊಡ್ಡವರು ಹಾದುಹೋಗಬೇಕೆಂದು ಪೊಲೀಸರು ರಸ್ತೆ ಮುಚ್ಚಿದ್ದರು; ಮಟಾಟು ಎಂಬ ಬಾಡಿಗೆ ವ್ಯಾನುಗಳು ಪಾದಚಾರಿ ದಾರಿಯ ಮೇಲೇರಿ ಸಿಕ್ಕಿಕೊಂಡಿದ್ದವು. ಮದುಮಕ್ಕಳ ಕಾರು ಒಂದು ಕಡೆ, ಡಿಜೆಯ ವ್ಯಾನು ಇನ್ನೊಂದು ಕಡೆ. ಮದುಮಕ್ಕಳು ಒಳಗೆ ಬಂದು, ಒಬ್ಬರು ಶುಭ ಕೋರುವ ಟೋಸ್ಟ್ ಹೇಳಿ, ಎಲ್ಲರೂ ಗ್ಲಾಸು ಎತ್ತುವವರೆಗೆ ಮಂಗಳೂರು ಕ್ರೈಸ್ತರ ಮದುವೆಯಲ್ಲಿ ತಟ್ಟೆ ಮುಟ್ಟುವಂತಿಲ್ಲ. ಅಡುಗೆಮನೆಯಿಂದ ಹಂದಿ ಮಾಂಸದ ಮಸಾಲೆಯ ಪರಿಮಳ ಬರುತ್ತಿತ್ತು. ಮಕ್ಕಳು ಅಳತೊಡಗಿದವು. ಗಂಡಿನ ಕಡೆಯ ಹಿರಿಯರೊಬ್ಬರು ಎದ್ದು ಕೋಟು ಹಾಕಿಕೊಂಡರು.

ವಿನ್ಸೆಂಟ್ ವೇದಿಕೆಯ ಬಳಿ ಬಂದ. ಮೈಕು ಕೈಯಲ್ಲಿತ್ತು, ಮುಖ ಬಿಳುಚಿಕೊಂಡಿತ್ತು.

"ಪ್ಯಾಸ್ಕಲ್, ನಿನ್ನ ಆ ಹಾಡು ನುಡಿಸು. ಅವರು ಬರುವ ತನಕ ನಿಲ್ಲಿಸಬೇಡ."

"ಬಂದ ಮೇಲೆ?"

ವಿನ್ಸೆಂಟ್ ತಲೆ ತಗ್ಗಿಸಿದ. "ಬಂದ ಮೇಲೆ ಅವರು ನಡೆದು ಬರಲು ಮದುವೆಯ ಮಾರ್ಚ್ ನುಡಿಸಬೇಕಲ್ಲ. ನನ್ನ ಮಗಳು ಮಾರಾಯ."

ಜೋಸೆಫ್ ಪ್ಯಾಸ್ಕಲ್‌ನ ಮುಖ ನೋಡಿದ. ಮತ್ತೆ ಅರ್ಧಕ್ಕೇ ನಿಲ್ಲುವ ಹಾಡು. ಆದರೂ ಪ್ಯಾಸ್ಕಲ್ ತಲೆಯಾಡಿಸಿ ಮೊದಲ ತಂತಿ ಮೀಟಿದ.

ಎಂದೂ ಅವರು ಅಷ್ಟು ನಿರಾಳವಾಗಿ ನುಡಿಸಿರಲಿಲ್ಲ. ಮದುಮಕ್ಕಳು ಬರುವ ತನಕ ಯಾರೂ ನಿಲ್ಲಿಸುವುದಿಲ್ಲ ಎಂದು ತಿಳಿದ ಬೆರಳುಗಳಿಗೆ ಅವಸರವಿರಲಿಲ್ಲ. ಮೂರ್ತಿಯವರು ಕಣ್ಣುಮುಚ್ಚಿ ವೀಣೆಯ ಆಲಾಪನೆಯಂತೆ ಬೇಸನ್ನು ಎಳೆಎಳೆಯಾಗಿ ಬಿಡಿಸಿದರು. ಜೋಸೆಫ್ ಒಬ್ಬನೇ ಡ್ರಮ್ಸ್ ಬಾರಿಸಿದಾಗ ಅಳುತ್ತಿದ್ದ ಮಕ್ಕಳು ಕುರ್ಚಿಯ ಮೇಲೆ ನಿಂತು ನೋಡಿದವು. ಕೋಟು ಹಾಕಿಕೊಂಡ ಹಿರಿಯರು ಅದನ್ನು ಮತ್ತೆ ಬಿಚ್ಚಿ ಕೂತರು. ಅವರ ಷೂ ತಾಳ ಹಾಕುತ್ತಿತ್ತು. ಮಾರ್ಥಾ ಎದ್ದು ಅಡುಗೆಮನೆಗೆ ಹೋಗಿ, ಒಲೆ ಆರಿಸಬೇಡಿ ಎಂದು ಹೇಳಿ ಬಂದಳು. ಕ್ಯಾಸೆಟ್ ಮುಗಿಯುವ ಜಾಗ ಬಂತು, ದಾಟಿತು. ಗಿಟಾರೂ ಕೀಬೋರ್ಡೂ ಒಂದನ್ನೊಂದು ಅಟ್ಟಿಸಿಕೊಂಡು ಏರತೊಡಗಿದವು. ಇನ್ನೇನು ತುದಿ.

ಆಗ ಬಾಗಿಲು ತೆರೆಯಿತು. ಒದ್ದೆ ಅಂಚಿನ ಬಿಳಿ ಉಡುಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕ್ಲೇರ್ ನಿಂತಿದ್ದಳು, ಪಕ್ಕದಲ್ಲಿ ಗಂಡ. ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತರು. ವಿನ್ಸೆಂಟ್ ವೇದಿಕೆ ಹತ್ತಿದ, ಬೆರಳು ಮೈಕಿನ ಕಡೆಗೆ ಹೋಯಿತು. ಪ್ಯಾಸ್ಕಲ್ ಮಗನ ಕಡೆ ತಿರುಗಿದ. ಮಾತು ಕೊಟ್ಟಾಗಿತ್ತು, ಕೈ ಎತ್ತಿ ನಿಲ್ಲಿಸಬೇಕು.

ಪ್ರಿಯನ್ ತಲೆ ಅಲ್ಲಾಡಿಸಿದ. ಇಂಗ್ಲಿಷ್ ಬಿಟ್ಟು, ಹುಟ್ಟಿನಿಂದ ಕೇಳಿ ಬೆಳೆದ ಕೊಂಕಣಿಯಲ್ಲಿ, ಅಪರೂಪಕ್ಕೆ, "ಡ್ಯಾಡಾ, ನಿಲ್ಲಿಸಬೇಡಿ. ನನ್ನ ಹಿಂದೆ ಬನ್ನಿ," ಎಂದ.

ಬ್ರಿಟಿಷರ ಆ ಬ್ಯಾಂಡುಗಳೂ ವೇದಿಕೆಯಲ್ಲಿ ಹೀಗೆಯೇ ಮಾಡುತ್ತಿದ್ದವು. ನಡುಹಾಡಿನಲ್ಲಿ ಬೇರೆ ರಾಗಕ್ಕೆ ಹೊರಳಿ, ಜನರನ್ನು ನಗಿಸಿ, ಮತ್ತೆ ಮೊದಲಿನ ಹಾಡಿಗೆ ಮರಳುತ್ತಿದ್ದವು. ಪ್ರಿಯನ್‌ನ ಬಲಗೈ ಅದೇ ಏರಿನ ಮೇಲೆ ಮದುವೆಯ ಮಾರ್ಚನ್ನು ಹೂಡಿತು. ಕೆಳಗೆ ಡ್ರಮ್ಸೂ ಬೇಸೂ ತಮ್ಮ ನಡೆ ಬಿಡಲಿಲ್ಲ. ಪ್ಯಾಸ್ಕಲ್ ಮೊದಲು ತಡಬಡಿಸಿ, ಆಮೇಲೆ ಮಗನ ಹಿಂದೆ ಹೆಜ್ಜೆ ಹಾಕಿದ. ಜೋಡಿ ಜೋಡಿಯಾಗಿ ಬಂಧುಗಳು ಸಾಲುಗೂಡಿದರು. ಆ ಗಡಗಡ ಸದ್ದಿನ ಮೇಲೇರಿ ಮದುಮಕ್ಕಳು ಕುಣಿಯುತ್ತಲೇ ಬಂದರು. ಅವರು ವೇದಿಕೆ ಮುಟ್ಟಿದ ಕ್ಷಣಕ್ಕೆ ಮಾರ್ಚ್ ಕರಗಿತು, ಹಳೆಯ ಹಾಡು ಮತ್ತೆ ಎದ್ದಿತು. ವಿನ್ಸೆಂಟ್‌ನ ಬೆರಳು ಮೈಕಿನ ಮೇಲೆ ಎತ್ತಿದ್ದು ಎತ್ತಿದಂತೆಯೇ ಇತ್ತು. ಕ್ಲೇರ್ ಅಪ್ಪನ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

ಅವರು ಏರಿದರು. ಗೋದಾಮಿನ ಎಲ್ಲ ಭಾನುವಾರಗಳೂ ಆ ಏರಿನಲ್ಲಿದ್ದವು. ಜೋಸೆಫ್ ಕೊನೆಯ ಪೆಟ್ಟು ಕೊಟ್ಟ. ನಾಲ್ಕೂ ವಾದ್ಯಗಳು ಒಟ್ಟಿಗೆ ನಿಂತವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಮಳೆನೀರು ತೊಟ್ಟಿಕ್ಕುವುದು ಕೇಳಿಸಿತು. ಪ್ಯಾಸ್ಕಲ್‌ನ ತಂತಿಗಳು ಬೆರಳ ಕೆಳಗೆ ಇನ್ನೂ ಬೆಚ್ಚಗೆ ನಡುಗುತ್ತಿದ್ದವು. ಖಾಲಿ ಇಗರ್ಜಿಯ ಹಾಗಿನ ಆ ಮೌನವನ್ನು ಅವನು ಕೂಡಲೇ ಗುರುತು ಹಿಡಿದ. ಅಣ್ಣ ಹೇಳಿದ್ದು ಇದನ್ನೇ.

ಆಮೇಲೆ ಚಾವಣಿ ಹಾರಿತು.