ಅತ್ತೆ ಹಿಂದಿನ ಸೀಟಿನಲ್ಲಿ, ನಾನು ಮುಂದೆ

ನನ್ನ ಗಂಡ ಜಮಖಂಡಿಯಲ್ಲಿ ಡಾಕ್ಟರಾಗಿದ್ದರು. ರೋಗಿಯ ನಾಡಿ ಹಿಡಿದಾಗ ಅವರಷ್ಟು ಎಚ್ಚರದ ಮನುಷ್ಯ ಇನ್ನೊಬ್ಬರಿಲ್ಲ; ಮೋಟಾರಿನ ಸ್ಟೇರಿಂಗು ಹಿಡಿದಾಗ ಮಾತ್ರ ಲಕ್ಷ್ಯವೆಲ್ಲ ಬಿಟ್ಟುಬಂದ ರೋಗಿಯ ಮೇಲೆಯೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಳೆಯದೊಂದು ಕರಿ ಮೋಟಾರು ಕೊಂಡಿದ್ದರು. ಒಂದು ಮಧ್ಯಾಹ್ನ ಬೀಳಗಿಯಿಂದ ಬರುವಾಗ ಯಾರದೋ ಜ್ವರದ ವಿಚಾರ ಮಾಡುತ್ತ ತಿರುವನ್ನೇ ಮರೆತು ಗಾಡಿಯನ್ನು ನೇರ ಕಬ್ಬಿನ ಹೊಲಕ್ಕೆ ಇಳಿಸಿಬಿಟ್ಟರು. ಯಾರಿಗೂ ಏನೂ ಆಗಲಿಲ್ಲ. ನಾಲ್ಕು ಎತ್ತು ಕಟ್ಟಿ ಎಳೆಸಬೇಕಾಯಿತು, ಅಷ್ಟೆ.

ಸುದ್ದಿ ಕೇಳಿದ ಅತ್ತೆಯವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದರು.

"ನಾಳಿಂದ ಗಾಡಿ ಹೊಡಿಯೂದು ನೀ ಕಲಿ. ಇಲ್ಲಾಂದ್ರ ಇಂವಾ ಒಂದಿನ ಬಾವ್ಯಾಗ ಇಳಸ್ತಾನ."

"ನಾನ್ಯಾಂಗ್ರೀ ಅತ್ತಿ? ಮಂದಿ ಏನಂದಾರು?"

"ಮಂದಿ ಬಂದು ಬಾವ್ಯಾಗಿಂದ ಎತ್ತತಾರೇನ?"

ನನಗಾಗ ಇಪ್ಪತ್ತೆರಡು. ಸೈಕಲ್ಲನ್ನೂ ಮುಟ್ಟಿದವಳಲ್ಲ. ಗಂಡ ಒಂದು ದಿನ ಕಲಿಸಿದರು, ಎರಡನೆಯ ದಿನ ಇಬ್ಬರ ನಡುವೆ ಮಾತೇ ನಿಂತುಹೋಯಿತು. ಆಮೇಲೆ ಹುನ್ನೂರಿನಿಂದ, ಎಲ್ಲರೂ ಕಾಕಾ ಎಂದೇ ಕರೆಯುವ ಒಬ್ಬನನ್ನು ಕರೆಸಿದರು. ಸೈನ್ಯದ ಪಲ್ಟಣಿನಲ್ಲಿ ಲಾರಿ ನಡೆಸಿ ಊರಿಗೆ ಮರಳಿದ್ದ ಮುದುಕ, ಬಿಳಿ ಮೀಸೆ, ಕಡಿಮೆ ಮಾತು. ಪರಗಂಡಸಿನ ಪಕ್ಕ ಸೊಸೆ ಒಬ್ಬಳೇ ಕೂರುವುದು ಚೆನ್ನಲ್ಲವೆಂದು ಅತ್ತೆಯವರು ಎಲೆಅಡಿಕೆ ಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತರು. ಹೀಗೆ ಪಾಠ ನನಗಷ್ಟೇ ಅಲ್ಲ, ಅವರಿಗೂ ಆಯಿತು.

ಕಾಕಾ ಮೊದಲ ನಾಲ್ಕು ದಿನ ಎಂಜಿನ್ನನ್ನೇ ಶುರು ಮಾಡಲಿಲ್ಲ. "ನಿಲ್ಲಸೂದು ಮೊದಲ ಕಲೀರಿ ಅಕ್ಕಾರ, ಓಡೂದು ತಾನ ಓಡತೈತಿ" ಎಂದು ನಿಂತ ಗಾಡಿಯಲ್ಲೇ ಬ್ರೇಕು, ಕ್ಲಚ್ಚು ತುಳಿಸಿದ. ಸೀರೆಯ ನಿರಿಗೆ ಪೆಡಲಿಗೆ ಸಿಕ್ಕೀತೆಂದು ಅತ್ತೆಯವರು ತಮ್ಮಂತೆಯೇ ನನಗೂ ಬಿಗಿಯಾಗಿ ಕಚ್ಚೆ ಹಾಕಿಸಿದರು.

ಗಾಡಿ ಓಡತೊಡಗಿದ ಮೇಲೆ ನನಗೆ ಭೋಂಗಾ ಒತ್ತುವ ಹುಚ್ಚು ಹಿಡಿಯಿತು. ಒಂದು ಮುಂಜಾನೆ ಬೆಲ್ಲ ಹೇರಿಕೊಂಡು ಮಹಾಲಿಂಗಪುರದ ಪೇಟೆಗೆ ಹೊರಟಿದ್ದ ಚಕ್ಕಡಿಯ ಬೆನ್ನಿಗೇ ಹೋಗಿ ಭೋಂ ಎನಿಸಿದೆ. ಎತ್ತುಗಳು ಬೆದರಿ ಅಡ್ಡಾದಿಡ್ಡಿ ಎಳೆದವು. ಚಕ್ಕಡಿಯವನು ಕೆಳಗೆ ಹಾರಿ ಮೂಗುದಾರ ಹಿಡಿಯದಿದ್ದರೆ ಬೆಲ್ಲದ ಪೆಂಟೆಗಳೆಲ್ಲ ಮಣ್ಣುಪಾಲು.

ಕಾಕಾ ಬೈಯಲಿಲ್ಲ. ಮರುದಿನ ಅದೇ ಚಕ್ಕಡಿಯವನನ್ನು ಒಪ್ಪಿಸಿ, ನನ್ನನ್ನೂ ಅತ್ತೆಯವರನ್ನೂ ಚಕ್ಕಡಿಯಲ್ಲಿ ಕೂರಿಸಿದ. ತಾನು ಮೋಟಾರು ತಂದು ಹಿಂದಿನಿಂದ ಒಂದೇ ಸಲ, ಅದೂ ಸ್ವಲ್ಪ ದೂರದಿಂದಲೇ, ಭೋಂಗಾ ಒತ್ತಿದ. ಎತ್ತು ಜಿಗಿದ ರಭಸಕ್ಕೆ ಅತ್ತೆಯವರು ನನ್ನ ಮೇಲೆ ಬಿದ್ದರು, ನಾನು ಹುಲ್ಲಿನ ಮೇಲೆ.

"ಸಾಕೋ ಮಾರಾಯಾ, ತಿಳೀತು!" ಎಂದು ಅತ್ತೆಯವರು ಕೂಗಿದರು. "ಇಕಿಗೂ ತಿಳೀತು!"

ಅಂದಿನಿಂದ ಎತ್ತು ಕಂಡರೆ ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು.

ಎರಡು ತಿಂಗಳ ಮೇಲೆ ಲೈಸನ್ಸಿಗೆ ಅರ್ಜಿ ಹಾಕಿದೆ. ಪರೀಕ್ಷೆ ಮಾಡುವವರು ಪೊಲೀಸ್ ಫೌಜದಾರರು. ಹೆಣ್ಣುಮಗಳ ಪರೀಕ್ಷೆ ಅವರಿಗೂ ಹೊಸದು. ಎಲ್ಲಿ ಕೂರಬೇಕೆಂದು ತಿಳಿಯದೆ ಕೊನೆಗೆ ಅತ್ತೆಯವರ ಪಕ್ಕದಲ್ಲಿ ಮುದ್ದೆಯಾಗಿ ಕುಳಿತರು.

"ಬಲಕ್ಕ ಹೊಳ್ಳೂಮುಂದ ಏನ ಮಾಡತೀರಿ?" ಎಂದು ನನ್ನನ್ನು ಕೇಳಿದರು.

"ಕೈ ಹೊರಗ ಚಾಚಬೇಕ್ರಿ. ಅದಕ್ಕೂ ಮೊದಲ ಹಿಂದ ನೋಡಬೇಕ್ರಿ." ಹೇಳಿದ್ದು ಅತ್ತೆಯವರು.

"ಅಮ್ಮಾರ, ಲೈಸನ್ಸ ಯಾರಿಗಿ ಬೇಕಾಗೇತ್ರಿ?"

ನನಗೆ ನಗು ಬಂತು. ಆ ನಗುವಿನಲ್ಲೇ ಪೇಟೆಯ ಏರಿನಲ್ಲಿ ಕ್ಲಚ್ಚು ಬೇಗ ಬಿಟ್ಟೆ. ಎಂಜಿನ್ ನಿಂತು ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿ, ಕಾಯಿಪಲ್ಲೆ ಮಾರುವವಳ ಬುಟ್ಟಿಯನ್ನು ಉರುಳಿಸಿತು. ಬದನೆಕಾಯಿಗಳು ಇಳಿಜಾರಿನಲ್ಲಿ ಓಡಿದವು. ಫೌಜದಾರರು ಇಳಿದು ತಾವೇ ನಾಲ್ಕು ಹೆಕ್ಕಿಕೊಟ್ಟು, "ಇನ್ನೊಂದ ತಿಂಗಳ ಬಿಟ್ಟ ಬರ್ರಿ" ಎಂದರು.

ಮನೆಗೆ ಬಂದು ಅತ್ತುಬಿಟ್ಟೆ. ಗಂಡ ಸಮಾಧಾನ ಹೇಳಲು ಬಂದರು. ಅವರ ಮೇಲೆಯೇ ರೇಗಿದೆ. ಕಾಕಾ ಮಾತ್ರ ಮರುದಿನ ಎಂದಿನ ಹೊತ್ತಿಗೆ ಬಂದು, ಅದೇ ತರದ ಏರು ಹುಡುಕಿ, ಹಿಂದಿನ ಗಾಲಿಯಿಂದ ಒಂದು ಗೇಣು ದೂರದಲ್ಲಿ ಮಣ್ಣಿನ ಕುಡಿಕೆ ಇಟ್ಟ. "ಇದು ಒಡೀಬಾರದು, ಗಾಡಿ ಮುಂದ ಹೋಗಬೇಕು" ಎಂದ. ಆ ತಿಂಗಳು ಹನ್ನೊಂದು ಕುಡಿಕೆ ಒಡೆದೆ. ಹನ್ನೆರಡನೆಯದು ಉಳಿಯಿತು, ಅದರ ನಂತರ ಒಂದೂ ಒಡೆಯಲಿಲ್ಲ.

ಎರಡನೆಯ ಸಲ ಏರು, ಇಳಿಜಾರು, ಕಚೇರಿಯ ಹೆಬ್ಬಾಗಿಲಲ್ಲಿ ಗಾಡಿಯನ್ನು ಹಿಮ್ಮುಖವಾಗಿ ನುಗ್ಗಿಸುವುದು ಎಲ್ಲ ನೆಟ್ಟಗಾಯಿತು. ತೊಡಕು ಬಂದದ್ದು ಮೇಜಿನ ಮುಂದೆ.

"ಗಂಡನ ಹೆಸರು?" ಎಂದರು ಫೌಜದಾರರು.

ನಾನು ನೆಲ ನೋಡಿದೆ. ಗಂಡನ ಹೆಸರನ್ನು ಅದುವರೆಗೆ ಬಾಯಿಬಿಟ್ಟು ಹೇಳಿದವಳಲ್ಲ.

"ಡಾಕ್ಟರ ನನಗೂ ಗೊತ್ತದಾರ್ರಿ ತಂಗಿ. ಆದ್ರ ಕಾಗದದಾಗ ಬರೀಬೇಕಾದ್ರ ನೀವ ಹೇಳಬೇಕು."

ಬಾಗಿಲಲ್ಲಿ ನಿಂತಿದ್ದ ಅತ್ತೆಯವರು, ಹೆತ್ತವಳಿಗೇನು ನಾಚಿಕೆ, ಮಗನ ಹೆಸರನ್ನು ಕಚೇರಿಗೆಲ್ಲ ಕೇಳುವಂತೆ ಕೂಗಿ ಹೇಳಿದರು. ಜಮಖಂಡಿ ಸಂಸ್ಥಾನದ ಮೊಹರು ಬಿತ್ತು. ಶಾಯಿ ಒಣಗುವವರೆಗೂ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ.

ಮೊದಲ ಸವಾರಿ ರಬಕವಿಗೆ, ಅತ್ತೆಯವರಿಗೆ ಸೀರೆ ತರಲು. ಬನಹಟ್ಟಿವರೆಗೆ ನಮ್ಮ ಸಂಸ್ಥಾನ, ಅದರಾಚೆ ರಬಕವಿ ಬೇರೆ ಸಂಸ್ಥಾನದ್ದು. ಅಲ್ಲಿ ನನ್ನ ಲೈಸನ್ಸು ನಡೆಯುತ್ತದೋ ಇಲ್ಲವೋ ಖಾತ್ರಿಯಿರಲಿಲ್ಲ. ಬನಹಟ್ಟಿಯಲ್ಲೇ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ಮಗ್ಗ ಬಿಟ್ಟು ನೋಡಲು ಬಂದ ನೇಕಾರರ ನಡುವೆ ಅತ್ತೆಯವರು ಠೀವಿಯಿಂದ ಇಳಿದರು.

"ಇನ್ನ ಸೊಲ್ಪ ಹೊಡಿ ಅಂದ್ರ ಒಲ್ಲೆ ಅಂತಾಳ್ರಿ" ಎಂದು ಅವರಿಗೆ ದೂರು ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ರಬಕವಿಯ ಕಡೆ ನನಗಿಂತ ಮುಂದೆ ನಡೆದರು.