ಪುಟ್ಟತಾಯಿಗೆ ತವರು ಸಿಕ್ಕಿದ್ದು

ಮೊಮ್ಮಗಳು ನಿನ್ನೆ ಯಾವುದೋ ಅರ್ಜಿ ತುಂಬುತ್ತಾ, “ಅಜ್ಜಿ, ಈಗಿನ ವಿಳಾಸ, ಕಾಯಂ ವಿಳಾಸ ಅಂತ ಎರಡೆರಡು ಯಾಕೆ ಕೇಳ್ತಾರೆ? ಇರೋದು ಒಂದೇ ಮನೆ ತಾನೆ?” ಅಂದಳು. ಪ್ರಶ್ನೆ ಸಣ್ಣದೇ. ಉತ್ತರ ಹೇಳಲು ಮಾತ್ರ ನಾನು ಅರವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು. ನೀವೂ ಬನ್ನಿ.

ಆಗ ನಾನು ಹಾಸನದ ಒಂದು ಅನಾಥ ಬಾಲಕಿಯರ ಮನೆಯಲ್ಲಿ ಹೊಲಿಗೆ, ಕನ್ನಡ ಎರಡನ್ನೂ ಕಲಿಸುತ್ತಿದ್ದೆ. ವಯಸ್ಸು ಇಪ್ಪತ್ತನಾಲ್ಕು. ಲೋಕವೆಲ್ಲ ಗೊತ್ತೆಂಬ ಧೈರ್ಯ. ತೀರ ಸಣ್ಣ ಮಕ್ಕಳನ್ನು ಯಾರಾದರೂ ದತ್ತು ತೆಗೆದುಕೊಂಡು ಹೋಗುತ್ತಿದ್ದರು. ದೊಡ್ಡವರನ್ನು ಕೇಳುವವರಿರಲಿಲ್ಲ. ಹದಿನೆಂಟು ತುಂಬಿದರೆ ಹೊರಡಲೇಬೇಕು. ಹೆಚ್ಚಿನವರಿಗೆ ಆ ಮನೆ ನಡೆಸುತ್ತಿದ್ದ ಸಮಿತಿಯವರು ಕಂಡುಕೊಂಡಿದ್ದ ದಾರಿ ಒಂದೇ, ಮದುವೆ.

ಪುಟ್ಟತಾಯಿಗೆ ಆಗ ಹದಿನೇಳು. ತಾಯಿ ಸತ್ತಾಗ, ನಾಲ್ಕೈದು ವರ್ಷದವಳನ್ನು ಯಾರೋ ತಂದು ಬಿಟ್ಟುಹೋಗಿದ್ದರು. ಅವಳಿಗಾಗಿ ಸಮಿತಿಯವರು ನಲವತ್ತು ದಾಟಿದ ಗಂಡೊಂದನ್ನು ಗೊತ್ತುಮಾಡಿದರು. ಅವಳು ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತು, “ಗಂಡ ಆಮೇಕೆ ಸಿಕ್ತಾನೆ ಟೀಚರಮ್ಮ. ನಂಗೆ ಮೊದ್ಲು ಮನೆಯೋರು ಬೇಕು,” ಅಂದಳು. ಹುಡುಕಿಕೊಡುತ್ತೇನೆ ಎಂದುಬಿಟ್ಟೆ. ಎಲ್ಲಿ, ಹೇಗೆ ಎಂಬ ಯೋಚನೆ ಆಮೇಲೆ ಬಂತು.

ಅರಕಲಗೂಡಿನ ಹತ್ತಿರ ಅವಳ ದೊಡ್ಡಮ್ಮ ಇರುವುದು ಪತ್ತೆಯಾದಾಗ ನಾನು ಬೀಗಿದ್ದೇ ಬೀಗಿದ್ದು. ರಕ್ತಸಂಬಂಧ! ಹುಡುಗಿಯನ್ನು ಕರೆದುಕೊಂಡು ಹೋದೆ. ದೊಡ್ಡಮ್ಮ ಅವಳ ಕೈ ಹಿಡಿದು ತಿರುಗಿಸಿ ನೋಡಿ, “ಗಟ್ಟಿ ಅವೆ. ಒಗೆಸೊಪ್ಪು ಕಟ್ಟಕ್ಕಾಯ್ತದೆ, ಬುಟ್ಟೋಗಿ,” ಅಂದಳು. ನಾನಂತೂ ಕೆಲಸ ಮುಗಿಯಿತು ಎಂದೇ ತಿಳಿದು, ಸಮಿತಿಯ ಕಾಗದಪತ್ರ ಮುಗಿಸಿ ತಂದು ಬಿಡುತ್ತೇನೆ ಎಂದು ಹೇಳಿ ಹೊರಟೆ. ವಾಪಸು ಬಸ್ಸಿನಲ್ಲಿ ಪುಟ್ಟತಾಯಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: “ಅವ್ರು ನನ್ನ ಎಸ್ರೂ ಕೇಳ್ನಿಲ್ಲ ಟೀಚರಮ್ಮ.” ನನ್ನ ಜಂಭ ಅಲ್ಲೇ ಇಳಿಯಿತು.

ಉಳಿದದ್ದು ಬಾಗೂರು. ಅವಳು ಹುಟ್ಟಿದ ಊರು ಎಂಬುದಷ್ಟೇ ದಾಖಲೆಯಲ್ಲಿತ್ತು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಇಬ್ಬರೂ ಹೋದೆವು. ಸಂತೆಯ ದಿನ. ಮೆಣಸಿನಕಾಯಿ ರಾಶಿಯ ಹಿಂದೆ ಕೂತಿದ್ದ ಒಬ್ಬ ದಪ್ಪನೆಯ ಹೆಂಗಸು ಇವಳನ್ನು ಕಂಡು ಎದ್ದೇ ನಿಂತಳು.

“ಚಿಕ್ಕತಾಯಿ ಮಗಳಲ್ವೇನೇ ನೀನು? ಅದೇ ಗಲ್ಲ, ಅದೇ ಹುಬ್ಬು! ಎಲ್ಲೋಗಿದ್ಯೇ ಇಷ್ಟು ವರ್ಷ?”

ಆಕೆ ಸಣ್ಣಮ್ಮ. ಪುಟ್ಟತಾಯಿಯ ಅವ್ವ ಚಿಕ್ಕತಾಯಿ ಆಕೆಯ ಹೊಲದಲ್ಲಿ ಕಳೆ ಕೀಳುತ್ತಿದ್ದಳಂತೆ. ಅವಳು ಸತ್ತಾಗ ಮಗುವನ್ನು ತಾನೇ ಇಟ್ಟುಕೊಳ್ಳುತ್ತೇನೆಂದರೆ ಸಣ್ಣಮ್ಮನ ಅತ್ತೆ ಒಪ್ಪಲಿಲ್ಲವಂತೆ. ಕೂಲಿಯವಳ ಮಗಳು, ಜಾತಿ ಬೇರೆ. ಸಣ್ಣಮ್ಮ ರಾಶಿ ಅಲ್ಲೇ ಬಿಟ್ಟು ನಮ್ಮನ್ನು ಮನೆಗೆ ಕರೆದೊಯ್ದಳು. ನಾನು ವಿಷಯ ಹೇಳಿದೆ. ಜಗಲಿಯ ಮೇಲಿದ್ದ ಗಂಡ ಗೊಣಗಿದ: “ಬ್ಯಾರೆ ಜನದ ಉಡ್ಗಿ. ಊರೋರು ಏನಂದಾರು?”

“ಆವತ್ತು ಅತ್ತೆ ಮಾತಿಗೆ ಬಾಯ್ಮುಚ್ಕೊಂಡೆ. ಇವತ್ತು ನಾನೇ ಅತ್ತೆ ಆಗಿವ್ನಿ. ಊರೋರು ನಂಗೆ ಎದರ್ಕೊಳ್ಳಲಿ ಕಣಯ್ಯ!”

ಆತ ಹೆಗಲ ಮೇಲಿನ ಟವೆಲು ಕೊಡವಿ ಹಾಕಿಕೊಂಡ. ಆಮೇಲೆ ಹುಡುಗಿಯ ಕಡೆ ತಿರುಗಿ, “ನಿನ್ನೆಸ್ರೇನವ್ವ?” ಅಂದ.

ನಾನು ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಮೆಣಸಿನಕಾಯಿ ಘಾಟು ಎಂದೆ. ಯಾರೂ ನಂಬಲಿಲ್ಲ.

ಸಮಿತಿಯಲ್ಲಿ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, “ಸಂಬಂಧ ಏನು ಅಂತ ಬರೆಯೋದಮ್ಮ?” ಎಂದು ಕೇಳಿದರು. ಸಣ್ಣಮ್ಮ, “ಮಗಳು ಅಂತ ಬರ್ಕೊಳ್ಳಿ ಸಾ. ಇನ್ನೇನು ಬರೀತೀರಾ?” ಎಂದು ಹೆಬ್ಬೆಟ್ಟು ಒತ್ತಿದಳು. ಬಾಗೂರಿನಲ್ಲಿ ಪಕ್ಕದ ಮನೆಯವರು ಆರು ತಿಂಗಳು ಸಣ್ಣಮ್ಮನ ಮನೆಯ ನೀರು ಮುಟ್ಟಲಿಲ್ಲ. ಅಷ್ಟರಲ್ಲಿ ಆ ಪಕ್ಕದ ಮನೆಯ ಮಗಳ ಮದುವೆ ಬಂತು, ಊರಿನಲ್ಲಿ ಕುಪ್ಪಸ ಹೊಲಿಯಬಲ್ಲವಳು ಪುಟ್ಟತಾಯಿ ಒಬ್ಬಳೇ. ನೀರಿನ ಮಾತು ಅಲ್ಲಿಗೆ ನಿಂತಿತು.

ನಾಲ್ಕು ವರ್ಷದ ಮೇಲೆ, ಅವಳೇ ಒಪ್ಪಿದ ಹೊಳೆನರಸೀಪುರದ ಶಾಲಾಮಾಸ್ತರನಿಗೆ ಸಣ್ಣಮ್ಮನೇ ಧಾರೆ ಎರೆದು ಕೊಟ್ಟಳು. ಮದುವೆಯಾಗಿ ಐದಾರು ತಿಂಗಳಿರಬಹುದು. ಒಂದು ಭಾನುವಾರ ಬೆಳಿಗ್ಗೆ ಆ ಮಾಸ್ತರು ಮುಖ ಸಣ್ಣ ಮಾಡಿಕೊಂಡು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. “ಒಂದು ಮಾತಂದೆ ಟೀಚರಮ್ಮ, ಸಾರಿಗೆ ಉಪ್ಪು ಜಾಸ್ತಿ ಅಂತ. ಸಿಟ್ಟು ಮಾಡ್ಕೊಂಡು ತವರಿಗೆ ಹೊರಟ್ಹೋದ್ಲು! ಕರೆಯಕ್ಕೆ ಹೋದ್ರೆ ಅವರವ್ವ ನನ್ನನ್ನೇ ಬೈದು ಕಳಿಸಿದ್ರು.”

ಬುದ್ಧಿ ಹೇಳಬೇಕಾದ ನಾನು ನಗತೊಡಗಿದೆ. ಪಾಪ, ಅವನು ತಬ್ಬಿಬ್ಬಾದ. ಕೂರಿಸಿ ಎರಡು ಲೋಟ ಕಾಫಿ ಕೊಟ್ಟೆ, ಉಪ್ಪಿಟ್ಟು ಬಡಿಸಿದೆ. ಸಿಟ್ಟು ಬಂದರೆ ಬಾಗಿಲು ದೂಡಿಕೊಂಡು ಒಳಗೆ ಹೋಗುವ ಮನೆ ಅವಳಿಗಿದೆ ಎಂಬ ಸಂತೋಷವನ್ನು ಅವನಿಗೆ ಹೇಗೆ ವಿವರಿಸಲಿ?

ಇದನ್ನೆಲ್ಲ ಕೇಳಿದ ಮೊಮ್ಮಗಳು, “ನೀನು ಈಗಲೂ ಬಾಗೂರಿಗೆ ಹೋಗ್ತೀಯಾ?” ಅಂದಳು. ಕರೆದಾಗಲೆಲ್ಲ ಹೋಗಿದ್ದೇನೆ, ಕರೆಯದೆ ಒಮ್ಮೆಯೂ ಹೋಗಿಲ್ಲ. ಸಣ್ಣಮ್ಮ ಈಗಿಲ್ಲ, ಮಕ್ಕಳಿದ್ದಾರೆ. ಗೌರಿಹಬ್ಬಕ್ಕೆ ಪುಟ್ಟತಾಯಿ ಅಲ್ಲಿಗೆ ಬಂದಿರುತ್ತಾಳೆ. ಬಾಗೂರು ನನಗೂ ಕಾಯಂ ವಿಳಾಸವೇ ನೋಡೋಣ ಎಂದು, ಈ ಸಲ ಯಾರಿಗೂ ತಿಳಿಸದೆ ಬಸ್ಸು ಹತ್ತಲು ಚೀಲಕ್ಕೆ ಎರಡು ಸೀರೆ ಹಾಕಿಟ್ಟಿದ್ದೇನೆ.